ಗಾಯಗೊಂಡ ಬಾಸ್ಕೆಟ್‌ಬಾಲ್ ಆಟಗಾರನ ಬೆಲೆಯ ಬಗ್ಗೆ ವಾದಿಸುವ ಕ್ರಮ

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಂದ್ಯಗಳು ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಆರಂಭವಾಗಿ, ಕಾಲೇಜಿಗೋ ಕಚೇರಿಗೋ ಹೊರಡುವ ಹೊತ್ತಿಗೆ ಮುಗಿಯುತ್ತವೆ. ಹಾಗಾಗಿ ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ನಿಧಾನವಾಗಿ ಕೂತು ಚರ್ಚಿಸಲು ಸಮಯ ಸಿಗುವುದಿಲ್ಲ. ಜೂನ್ ಕೊನೆಯಲ್ಲಿ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆದು, ಅದರ ಬೆನ್ನಿಗೇ ಹೊಸ ಒಪ್ಪಂದಗಳ ಸುದ್ದಿ ಬರತೊಡಗಿದಾಗಲೇ ಗಟ್ಟಿಯಾದ ವಾದ ಶುರುವಾಗುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅದು ಮಳೆ ಹಿಡಿದು ಕೂರುವ ಕಾಲ. ಕಾಲೇಜಿನ ಸಿಮೆಂಟ್ ಅಂಕಣದ ಮೇಲೆ ಪಾಚಿ ಕಟ್ಟಿರುತ್ತದೆ, ಯಕ್ಷಗಾನ ಮೇಳಗಳ ತಿರುಗಾಟ ನಿಂತು, ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗಳು ಆರಂಭವಾಗಿರುತ್ತವೆ. ಗಾಯಗೊಂಡ ಆಟಗಾರನೊಬ್ಬನಿಗೆ ತಂಡ ಕೋಟಿಗಟ್ಟಲೆ ಡಾಲರ್ ಕೊಡಬೇಕೇ, ಅವನು ಮೊದಲಿನಂತೆ ಆಡಬಲ್ಲನೇ, ಇನ್ನೂ ಬೆಳೆಯಬಲ್ಲನೇ ಎಂಬ ವಾದವನ್ನು ಹಳಿ ತಪ್ಪದಂತೆ ನಡೆಸುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಕಟ್ಟಿಕೊಳ್ಳಬೇಕು. “ಅವನು ಒಳ್ಳೆಯ ಆಟಗಾರನೇ?” ಎಂದು ಕೇಳಿ ಪ್ರಯೋಜನವಿಲ್ಲ; ಎನ್‌ಬಿಎಯಲ್ಲಿ ಸ್ಥಾನ ಪಡೆದವರೆಲ್ಲರೂ ಒಳ್ಳೆಯ ಆಟಗಾರರೇ. ಈ ವಯಸ್ಸಿನಲ್ಲಿ, ಈ ಗಾಯವಾದ ಮೇಲೆ, ಇಷ್ಟು ವರ್ಷಗಳ ಕಾಲ, ತಂಡದ ಸಂಬಳ ಮಿತಿಯ (ಆಟಗಾರರ ಸಂಬಳಕ್ಕೆ ತಂಡ ಮಾಡಬಹುದಾದ ಖರ್ಚಿಗೆ ಲೀಗ್ ಹಾಕಿದ ಮಿತಿಯ) ಇಷ್ಟು ಪಾಲನ್ನು ಇವನಿಗೆ ಕೊಡುವುದು ಸರಿಯೇ ಎಂದು ಕೇಳಿ. ಗಾಯ, ಬೆಲೆ, ಭವಿಷ್ಯ ಮೂರೂ ಈ ಒಂದು ವಾಕ್ಯದಲ್ಲಿವೆ, ಆದರೆ ಒಂದರ ಬಗ್ಗೆ ಕೇಳಿದ್ದಕ್ಕೆ ಇನ್ನೊಂದರಿಂದ ಉತ್ತರ ಕೊಡಬಾರದು. “ಅವ್ನ ಮೊಣಕಾಲು ಹೋತು ಭಾವಾ, ಇನ್ನೆಂತ ಆಡ್ತ” ಎಂದು ಒಬ್ಬರು ಹೇಳಿದಾಗ, ಮತ್ತೊಬ್ಬರು ಅವನು ಹೋದ ವರ್ಷ ಗಳಿಸಿದ ಅಂಕಗಳನ್ನು ಎಣಿಸತೊಡಗಿದರೆ, ಕಷಾಯ ಎರಡು ಸುತ್ತು ಬಂದು ಹೋದರೂ ವಾದ ಇದ್ದಲ್ಲೇ ಇರುತ್ತದೆ.

ಗಾಯದ ಹೆಸರು ತಿಳಿಯದೆ ಮಾತಿಗಿಳಿಯಬೇಡಿ

ನಮ್ಮಲ್ಲಿ ಕಬಡ್ಡಿ, ವಾಲಿಬಾಲ್ ಆಡುವಾಗ ಕಾಲಿಗೆ ಏನೇ ಆದರೂ ಅದಕ್ಕೆ ‘ಉಳುಕಿದ್ದು’ ಎಂಬ ಒಂದೇ ಹೆಸರು, ಎಣ್ಣೆ ನೀವಿ ಪಟ್ಟು ಹಾಕುವುದು ಒಂದೇ ಮದ್ದು. ಆ ರೂಢಿಯಿಂದಲೇ ಇರಬೇಕು, ಎನ್‌ಬಿಎ ಆಟಗಾರನಿಗೆ ಮೊಣಕಾಲಿನ ಪೆಟ್ಟಾಗಿದೆ ಎಂದು ಕೇಳಿದರೆ ಎಲ್ಲ ಪೆಟ್ಟುಗಳನ್ನೂ ನಾವು ಒಂದೇ ಸಾಲಿಗೆ ಸೇರಿಸಿಬಿಡುತ್ತೇವೆ. ಯಾವ ಅಂಗಾಂಶ ಹರಿದಿದೆ, ಯಾವ ಕಾಲು, ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡಿದ್ದಾರೆ, ಇದು ಮೊದಲನೆಯದೋ ಅದೇ ಜಾಗದಲ್ಲಿ ಮರುಕಳಿಸಿದ್ದೋ ಎಂಬ ನಾಲ್ಕು ವಿವರಗಳಿಲ್ಲದೆ ವಾದ ಆರಂಭಿಸಲೇಬಾರದು.

ಮೊಣಕಾಲನ್ನೇ ನೋಡಿ. ಎಸಿಎಲ್ ಎಂಬ ಅಸ್ಥಿರಜ್ಜು ಪೂರ್ತಿ ಹರಿದಾಗ ಸಾಮಾನ್ಯವಾಗಿ ದೇಹದ ಬೇರೆ ಕಡೆಯ ಸ್ನಾಯುರಜ್ಜಿನ ತುಂಡನ್ನು ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಅಂಕಣಕ್ಕೆ ಮರಳಲು ಸುಮಾರು 9ರಿಂದ 12 ತಿಂಗಳು ಬೇಕು. ಅದೇ ಮೊಣಕಾಲಿನಲ್ಲಿ ಎರಡು ಮೂಳೆಗಳ ನಡುವೆ ಭಾರ ತಡೆಯುವ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಲೆಕ್ಕವೇ ಬೇರೆ. ಅದನ್ನು ಹೊಲಿದರೆ ತಿಂಗಳುಗಟ್ಟಲೆ ಕಾಯಬೇಕು; ಹರಿದ ಚೂರನ್ನು ಕತ್ತರಿಸಿ ತೆಗೆದರೆ ಕೆಲವೇ ವಾರಗಳಲ್ಲಿ ಆಟಗಾರ ಮರಳಿಬಿಡಬಹುದು, ಆದರೆ ಹೋದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ “ಆರೇ ವಾರದಲ್ಲಿ ಬಂದ” ಎಂಬ ಸುದ್ದಿಯನ್ನು ಶುಭವಾರ್ತೆ ಎಂದು ಕೂಡಲೇ ನಂಬಬೇಡಿ. ಪೋರ್ಟ್‌ಲ್ಯಾಂಡ್ ತಂಡದ ಬ್ರ್ಯಾಂಡನ್ ರಾಯ್ 2009ರಲ್ಲಿ ಐದು ವರ್ಷಗಳ, ನಿಯಮ ಒಪ್ಪುವ ಗರಿಷ್ಠ ಮೊತ್ತದ ಒಪ್ಪಂದ ಪಡೆದರು; ಮೊಣಕಾಲುಗಳ ಮೃದ್ವಸ್ಥಿ ಸವೆದುಹೋದ ಕಾರಣ 2011ರ ಡಿಸೆಂಬರಿನಲ್ಲಿ, 27ನೇ ವಯಸ್ಸಿಗೇ, ನಿವೃತ್ತಿ ಘೋಷಿಸಿದರು. ಮರುವರ್ಷ ಮಿನೆಸೋಟಾ ಪರ ಮರಳಿ ಪ್ರಯತ್ನಿಸಿದರಾದರೂ ಆಡಲಾದದ್ದು ಐದೇ ಪಂದ್ಯ.

ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯುವುದು ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲರೂ ಹೆದರುವ ಗಾಯ. ಇಲ್ಲಿ ವಾದಕ್ಕೆ ತುಂಬ ಸಾಮಗ್ರಿ ಇದೆ, ಏಕೆಂದರೆ ಒಂದೇ ಗಾಯ ಬೇರೆ ಬೇರೆ ಆಟಗಾರರನ್ನು ಬೇರೆ ಬೇರೆ ದಡಕ್ಕೆ ಮುಟ್ಟಿಸಿದೆ. ಕೋಬಿ ಬ್ರಯಂಟ್ 2013ರ ಏಪ್ರಿಲ್‌ನಲ್ಲಿ, 34ನೇ ವಯಸ್ಸಿನಲ್ಲಿ, ಈ ಗಾಯಕ್ಕೆ ತುತ್ತಾದರು. ಅವರು ಅಂಕಣಕ್ಕೆ ಇಳಿಯುವ ಮೊದಲೇ, ಅದೇ ವರ್ಷದ ನವೆಂಬರಿನಲ್ಲಿ, ಲೇಕರ್ಸ್ ತಂಡ ಎರಡು ವರ್ಷಗಳಿಗೆ 4.85 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆ ಋತುವಿನಲ್ಲಿ ಅವರು ಆಡಿದ್ದು ಆರು ಪಂದ್ಯ. ಆಮೇಲೆ ಮೊಣಕಾಲಿನ ಮೂಳೆ ಬಿರುಕು ಬಿಟ್ಟಿತು. ಕೆವಿನ್ ಡುರಾಂಟ್ 2019ರ ಜೂನ್‌ನಲ್ಲಿ ಫೈನಲ್ಸ್ ಪಂದ್ಯದಲ್ಲೇ ಅಕಿಲಿಸ್ ಹರಿದುಕೊಂಡರು, ಮುಂದಿನ ಇಡೀ ಋತುವಿನಲ್ಲಿ ಆಡಲಿಲ್ಲ, ಮರಳಿ ಬಂದ 2020-21ರಲ್ಲಿ ಪಂದ್ಯಕ್ಕೆ ಸರಾಸರಿ 26.9 ಅಂಕ ಗಳಿಸಿದರು. ಬಹಳ ಹಿಂದೆ, 1992ರ ಜನವರಿಯಲ್ಲಿ, ಡಾಮಿನಿಕ್ ವಿಲ್ಕಿನ್ಸ್ ಅವರಿಗೂ ಇದೇ ಆಗಿತ್ತು; ಅವರ ಆಟವೆಲ್ಲ ಜಿಗಿತದ ಮೇಲೆ ನಿಂತಿತ್ತು, ಆದರೂ ಮುಂದಿನ ಋತುವಿನಲ್ಲಿ ಅವರ ಸರಾಸರಿ 29.9. ಒಂದು ಉದಾಹರಣೆ ಹಿಡಿದು “ಅಕಿಲಿಸ್ ಹೋದರೆ ಮುಗಿಯಿತು” ಎಂದೋ “ಡುರಾಂಟ್ ಬರಲಿಲ್ಲವೇ” ಎಂದೋ ತೀರ್ಪು ಕೊಡುವವರ ಮುಂದೆ ಈ ಮೂವರನ್ನೂ ಒಟ್ಟಿಗೆ ಇಡಿ.

ಗಾಯ ಆಟಗಾರನ ಯಾವ ಕೌಶಲವನ್ನು ಮುಟ್ಟುತ್ತದೆ ಎಂಬುದು ಇಲ್ಲಿಂದ ಹುಟ್ಟುವ ಮುಂದಿನ ಪ್ರಶ್ನೆ. ಡೆರಿಕ್ ರೋಸ್ 2011ರಲ್ಲಿ, 22ರ ಹರೆಯದಲ್ಲಿ, ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆದ್ದವರು. ಓಡುತ್ತ ಬಂದು ಥಟ್ಟನೆ ದಿಕ್ಕು ಬದಲಿಸಿ ರಿಂಗಿನತ್ತ ಚಿಮ್ಮುವುದೇ ಅವರ ಬಂಡವಾಳ. 2012ರ ಏಪ್ರಿಲ್ 28ರಂದು ಎಡ ಮೊಣಕಾಲಿನ ಎಸಿಎಲ್ ಹರಿಯಿತು, 2013ರ ನವೆಂಬರಿನಲ್ಲಿ ಬಲ ಮೊಣಕಾಲಿನ ಮೆನಿಸ್ಕಸ್. ಆಮೇಲೂ ಅವರು ಬಹುಕಾಲ ಆಡಿದರು, 2018ರ ಅಕ್ಟೋಬರ್ 31ರಂದು 50 ಅಂಕವನ್ನೂ ಗಳಿಸಿದರು, ಆದರೆ ಆ ಹಳೆಯ ಎತ್ತರಕ್ಕೆ ಮರಳಲಿಲ್ಲ. ಡುರಾಂಟ್ ಅವರಾದರೋ ಎತ್ತರ ಮತ್ತು ನಿಖರ ಎಸೆತವನ್ನು ನೆಚ್ಚಿದವರು; ಅರ್ಧ ಅಡಿ ಜಿಗಿತ ಕಡಿಮೆಯಾದರೂ ಅವರ ಕೈಯಿಂದ ಹೊರಟ ಚೆಂಡನ್ನು ತಡೆಯುವವರು ಹೆಚ್ಚಿಲ್ಲ.

ಎತ್ತರದವರ ಪಾದದ ಗಾಯಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಪಾದದ ನಡುವಿನ ನ್ಯಾವಿಕ್ಯುಲರ್ ಎಂಬ ಸಣ್ಣ ಮೂಳೆಗೆ ರಕ್ತಪೂರೈಕೆ ಕಡಿಮೆ. ಬಿರುಕು ಬಿಟ್ಟರೆ ಕೂಡುವುದು ನಿಧಾನ, ಕೂಡಿದ ಮೇಲೂ ಮತ್ತೆ ಒಡೆಯುವ ಅಪಾಯ ಉಂಟು. ಏಳೂವರೆ ಅಡಿ ಎತ್ತರದ ಯಾವೊ ಮಿಂಗ್ ಪಾದದ ಗಾಯಗಳಿಂದಲೇ 2011ರಲ್ಲಿ ನಿವೃತ್ತರಾದರು. ಆದರೆ ಲಿಥುವೇನಿಯಾದ ಜೈಡ್ರೂನಾಸ್ ಇಲ್ಗೌಸ್ಕಸ್ ಪಾದದ ಹಲವು ಶಸ್ತ್ರಚಿಕಿತ್ಸೆಗಳ ನಂತರ ವರ್ಷಗಟ್ಟಲೆ ಆಡಿ, ಎರಡು ಸಲ ಆಲ್‌ಸ್ಟಾರ್ ಆದರು, ಅಂದರೆ ಋತುವಿನ ನಡುವೆ ನಡೆಯುವ ಲೀಗಿನ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದರು.

‘ಸದಾ ಗಾಯಾಳು’ ಎಂಬ ಹಣೆಪಟ್ಟಿ

ಈ ಹಣೆಪಟ್ಟಿ ಹಚ್ಚುವ ಮೊದಲು ಪಂದ್ಯಗಳನ್ನು ಎಣಿಸಿ, ಆದರೆ ಎಣಿಸುವ ಕ್ರಮ ಸರಿಯಿರಲಿ. ಋತುವಿಗೆ 82 ಪಂದ್ಯಗಳೆಂಬುದು ಸಾಮಾನ್ಯ ಲೆಕ್ಕ. ಮಾಲೀಕರು ಮತ್ತು ಆಟಗಾರರ ಜಗಳದಿಂದ 2011-12ರಲ್ಲಿ 66, ಕೋವಿಡ್ ಕಾರಣದಿಂದ 2020-21ರಲ್ಲಿ 72 ಪಂದ್ಯಗಳಷ್ಟೇ ನಡೆದವು. ಗಾಯದಿಂದ ತಪ್ಪಿದ ಪಂದ್ಯವನ್ನೂ, ವಿಶ್ರಾಂತಿಗೆಂದು ತಂಡವೇ ಕೂರಿಸಿದ ಪಂದ್ಯವನ್ನೂ ಬೇರೆ ಬೇರೆ ಬರೆದುಕೊಳ್ಳಿ. 2023-24ರಿಂದ ಪ್ರಮುಖ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮ ಬಂದಿರುವುದರಿಂದ ಆಮೇಲಿನ ಅಂಕಿಗಳನ್ನು ಹಳೆಯವುಗಳ ಜೊತೆ ನೇರವಾಗಿ ಹೋಲಿಸುವಂತಿಲ್ಲ. ಒಂದು ಪಂದ್ಯದಲ್ಲಿ ಆಡಿದ ನಿಮಿಷಗಳನ್ನೂ ನೋಡಿ. 20 ನಿಮಿಷ ಆಡಿದವನೂ 36 ನಿಮಿಷ ಆಡಿದವನೂ ಪಂದ್ಯಗಳ ಲೆಕ್ಕದಲ್ಲಿ ಒಂದೇ.

ಕಾರವಾರದಿಂದ ರಜೆಗೆ ಬರುವ ನಮ್ಮ ಗೆಳೆಯನೊಬ್ಬನ ಪದ್ಧತಿ ನನಗೆ ಬಹಳ ಹಿಡಿಸಿದೆ. ಅವನು ಆಟಗಾರನ ಹೆಸರನ್ನು ಹೇಳುವುದೇ ಇಲ್ಲ. ಚೀಟಿಯೊಂದರ ಮೇಲೆ ವಿವರಗಳನ್ನಷ್ಟೇ ಬರೆದು ಮಣೆಯ ಮೇಲೆ ಇಡುತ್ತಾನೆ. ಅಂಥ ಒಂದು ಚೀಟಿ ಹೀಗಿತ್ತು: “ವಯಸ್ಸು 24. ಬಲ ಪಾದದ ಕೀಲಿಗೆ ಎರಡು ವರ್ಷಗಳಲ್ಲಿ ಎರಡು ಶಸ್ತ್ರಚಿಕಿತ್ಸೆ. ಹಿಂದಿನ ಋತುವಿನಲ್ಲಿ 66ರಲ್ಲಿ 26 ಪಂದ್ಯ. ಕೇಳುತ್ತಿರುವುದು ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್.” ಓದಿದವರೆಲ್ಲ ಬೇಡವೆಂದು ತಲೆಯಾಡಿಸಿದರು, ಒಬ್ಬರು ಎರಡು ವರ್ಷಕ್ಕೆ ಒಪ್ಪಬಹುದೆಂದರು. ಚೀಟಿ ಸ್ಟೀಫನ್ ಕರಿ ಅವರದು, 2012ರ ಅಕ್ಟೋಬರಿನದು. ಆ ಒಪ್ಪಂದದ ಅವಧಿಯಲ್ಲೇ ಅವರು 2015 ಮತ್ತು 2016ರಲ್ಲಿ ಅತ್ಯಮೂಲ್ಯ ಆಟಗಾರರಾದರು. ಆದರೆ ಈ ಪ್ರಯೋಗದಿಂದ ಗಾಯಾಳುಗಳೆಲ್ಲ ಕರಿಯಾಗುತ್ತಾರೆ ಎಂದು ತೀರ್ಮಾನಿಸಿದರೆ ಕೆಟ್ಟಿತು. ಅದೇ ಮಣೆಯ ಮೇಲೆ ಗ್ರೆಗ್ ಓಡನ್ ಅವರ ಚೀಟಿಯನ್ನೂ ಇಡಬೇಕು. 2007ರ ಡ್ರಾಫ್ಟಿನಲ್ಲಿ ಡುರಾಂಟ್‌ಗಿಂತ ಮೊದಲು ಆಯ್ಕೆಯಾದ ಅವರು ಮೊಣಕಾಲಿನ ಶಸ್ತ್ರಚಿಕಿತ್ಸೆಗಳ ನಡುವೆ ಪೋರ್ಟ್‌ಲ್ಯಾಂಡ್ ಪರ ಒಟ್ಟು ಆಡಿದ್ದು 82 ಪಂದ್ಯ, ಅಂದರೆ ಒಂದು ಋತುವಿನಷ್ಟು. ಹೆಸರಿನ ಹೊಳಪನ್ನೂ ಅಭಿಮಾನವನ್ನೂ ಪಕ್ಕಕ್ಕೆ ಸರಿಸುವುದೇ ಚೀಟಿಯ ಕೆಲಸ.

ಬೆಲೆಯನ್ನು ಪಾಲಿನ ಲೆಕ್ಕದಲ್ಲಿ ನೋಡಿ

ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಬೆರಗಾಗುವುದನ್ನು ಮೊದಲ ದಿನವೇ ಮುಗಿಸಿಬಿಡಿ. ಎನ್‌ಬಿಎಯಲ್ಲಿ ಪ್ರತಿ ತಂಡಕ್ಕೂ ಸಂಬಳ ಮಿತಿಯೊಂದು ನಿಗದಿಯಾಗಿರುತ್ತದೆ, ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2015-16ರಲ್ಲಿ 7 ಕೋಟಿ ಡಾಲರ್ ಇದ್ದದ್ದು ಹೊಸ ಟಿವಿ ಒಪ್ಪಂದದ ಹಣ ಬಂದು 2016-17ರಲ್ಲಿ 9.41 ಕೋಟಿಗೆ ಜಿಗಿಯಿತು. 2024-25ರಲ್ಲಿ ಅದು 14 ಕೋಟಿ ದಾಟಿತ್ತು. ಆಟಗಾರನ ಗರಿಷ್ಠ ಸಂಬಳವೂ ಈ ಮಿತಿಯ ಪಾಲಾಗಿಯೇ ನಿರ್ಧಾರವಾಗುತ್ತದೆ: ಆರು ವರ್ಷದವರೆಗಿನ ಅನುಭವಕ್ಕೆ ಸಾಮಾನ್ಯವಾಗಿ ಶೇ 25, ಏಳರಿಂದ ಒಂಬತ್ತು ವರ್ಷಕ್ಕೆ ಶೇ 30, ಹತ್ತು ಮತ್ತು ಮೇಲಕ್ಕೆ ಶೇ 35. ಕರಿ ಅವರ 2016-17ರ ಸಂಬಳ ಸುಮಾರು 1.21 ಕೋಟಿ, ಅಂದರೆ ಆ ವರ್ಷದ ಮಿತಿಯ ಶೇ 13ರಷ್ಟು. ಅವರ ಗೋಲ್ಡನ್ ಸ್ಟೇಟ್ ತಂಡಕ್ಕೆ 2016ರಲ್ಲಿ ಡುರಾಂಟ್ ಅವರನ್ನು ಕರೆತರಲು ಸಾಧ್ಯವಾದದ್ದರಲ್ಲಿ ಈ ಅಗ್ಗದ ಒಪ್ಪಂದದ ಪಾತ್ರ ದೊಡ್ಡದು. ತಂಡ 2012ರಲ್ಲಿ ಹೊತ್ತ ಅಪಾಯಕ್ಕೆ ಪ್ರತಿಫಲ ಸಿಕ್ಕಿದ್ದು ಹೀಗೆ.

ಪಾಲಿನ ಲೆಕ್ಕ ಅರ್ಥವಾಗದವರಿಗೆ ಕಬಡ್ಡಿಯಿಂದಲೇ ವಿವರಿಸಬಹುದು. ಪವನ್ ಸೆಹ್ರಾವತ್ ಅವರನ್ನು ತಮಿಳ್ ತಲೈವಾಸ್ 2022ರ ಹರಾಜಿನಲ್ಲಿ 2.26 ಕೋಟಿ ರೂಪಾಯಿಗೆ ಕೊಂಡಿತು. ಅವರು ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಋತುವಿನಿಂದ ಹೊರಬಿದ್ದರು. ಮರುವರ್ಷ ತೆಲುಗು ಟೈಟನ್ಸ್ ಅವರಿಗೆ ಕೊಟ್ಟದ್ದು 2.605 ಕೋಟಿ. ಗಾಯವಾದ ಮೇಲೆ ಬೆಲೆ ಏರಿತಲ್ಲ ಎಂದು ಅಚ್ಚರಿಪಟ್ಟವರು, ಒಂದು ತಂಡ ಖರ್ಚು ಮಾಡಬಹುದಾದ ಒಟ್ಟು ಹಣ ಆ ನಡುವೆ 4.4 ಕೋಟಿಯಿಂದ 5 ಕೋಟಿಗೆ ಏರಿತ್ತೆಂಬುದನ್ನು ಮರೆತಿದ್ದರು. ಎರಡೂ ಸಲ ಅವರ ಪಾಲು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಮಾರುಕಟ್ಟೆಯ ಕಣ್ಣಿನಲ್ಲಿ ಆ ಗಾಯ ಅವರ ಬೆಲೆಯನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

ಎನ್‌ಬಿಎಯಲ್ಲಿ ಗಾಯಕ್ಕೆ ಎಲ್ಲರೂ ಒಂದೇ ದಂಡ ತೆರುವುದಿಲ್ಲ. ಡಿಮಾರ್ಕಸ್ ಕಸಿನ್ಸ್ 2018ರ ಜನವರಿಯಲ್ಲಿ ಅಕಿಲಿಸ್ ಹರಿದುಕೊಂಡಾಗ ಗರಿಷ್ಠ ಮೊತ್ತದ ಒಪ್ಪಂದದ ಹೊಸ್ತಿಲಲ್ಲಿದ್ದರು. ಆ ಬೇಸಿಗೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ವರ್ಷಕ್ಕೆ 53 ಲಕ್ಷ ಡಾಲರ್. ಮರುವರ್ಷ ಅದೇ ಗಾಯವಿದ್ದ ಡುರಾಂಟ್ ಅವರಿಗೆ ಬ್ರೂಕ್ಲಿನ್ ನಾಲ್ಕು ವರ್ಷಕ್ಕೆ ಸುಮಾರು 16.4 ಕೋಟಿ ಕೊಟ್ಟಿತು. ಇಬ್ಬರ ನಡುವಿನ ಈ ಅಂತರದಲ್ಲಿ ಗಾಯದ ಪಾಲೆಷ್ಟು, ಆಟದ ರೀತಿಯ ಪಾಲೆಷ್ಟು, ಯಾವ ತಂಡದ ಬಳಿ ಆಗ ಹಣವಿತ್ತು ಎಂಬುದರ ಪಾಲೆಷ್ಟು ಎಂದು ಬಿಡಿಸಿ ನೋಡುವುದೇ ಒಳ್ಳೆಯ ಒಂದು ಸಂಜೆಯ ವಾದ.

ಒಪ್ಪಂದ ಎಂದಿನಿಂದ ಜಾರಿಗೆ ಬರುತ್ತದೆ ಎಂಬುದನ್ನು ಬಹಳ ಮಂದಿ ನೋಡುವುದೇ ಇಲ್ಲ. ಜೋಯೆಲ್ ಎಂಬೀಡ್ ಅವರ ಎರಡು ಒಪ್ಪಂದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪಾದದ ಗಾಯದಿಂದ ಮೊದಲ ಎರಡು ಋತುಗಳನ್ನು ಪೂರ್ತಿ ಕಳೆದುಕೊಂಡು, ಮೂರನೆಯದರಲ್ಲಿ 31 ಪಂದ್ಯ ಆಡಿದ್ದ ಅವರಿಗೆ 2017ರಲ್ಲಿ ಫಿಲಡೆಲ್ಫಿಯಾ ಐದು ವರ್ಷಕ್ಕೆ ಸುಮಾರು 14.8 ಕೋಟಿ ಡಾಲರ್ ಕೊಟ್ಟಿತು. ಕೆಲವು ನಿರ್ದಿಷ್ಟ ಗಾಯಗಳು ಮರುಕಳಿಸಿದರೆ ತಂಡಕ್ಕೆ ರಕ್ಷಣೆ ಕೊಡುವ ಷರತ್ತುಗಳಿದ್ದವೆಂದು ಆಗ ವರದಿಯಾಗಿತ್ತು. ಅವರಿಗೆ ಆಗ 23 ವರ್ಷ. 2023ರಲ್ಲಿ ಅವರು ಅತ್ಯಮೂಲ್ಯ ಆಟಗಾರರಾದರು, ತಂಡದ ನಿರ್ಧಾರ ಫಲಿಸಿತು. 2024ರ ಸೆಪ್ಟೆಂಬರಿನಲ್ಲಿ ಅದೇ ತಂಡ ಇನ್ನೂ ಮೂರು ವರ್ಷಕ್ಕೆ ಸುಮಾರು 19.3 ಕೋಟಿ ಸೇರಿಸಿತು. ಆ ಮೂರು ವರ್ಷಗಳು ಆರಂಭವಾಗುವುದೇ 2026-27ರಲ್ಲಿ, ಅವರಿಗೆ 32 ತುಂಬಿದ ಮೇಲೆ. ಸಹಿ ಹಾಕಿದ ಮುಂದಿನ ಋತುವಿನಲ್ಲಿ ಅವರು ಆಡಿದ್ದು 19 ಪಂದ್ಯ. ನನ್ನ ಮಟ್ಟಿಗೆ ಮೊದಲನೆಯದು ಧೈರ್ಯದ, ಆದರೆ ಲೆಕ್ಕಾಚಾರದ ನಿರ್ಧಾರ. ಎರಡನೆಯದು ಅವಸರದ್ದು, ಏಕೆಂದರೆ ಇವೆರಡರ ನಡುವೆ ಆಗಿದ್ದ ಇನ್ನೊಂದು ಒಪ್ಪಂದ ಇನ್ನೂ ಬಾಕಿ ಇರುವಾಗ ಕಾದು ನೋಡಲು ತಂಡಕ್ಕೆ ಅವಕಾಶವಿತ್ತು. ಆಟಗಾರ ಮುನಿಸಿಕೊಂಡು ಹೊರಟುಹೋಗುತ್ತಿದ್ದರೆ ಏನು ಗತಿ ಎಂದು ಎದುರುವಾದಿ ಕೇಳಿಯೇ ಕೇಳುತ್ತಾರೆ, ಅದಕ್ಕೂ ಉತ್ತರ ಸಿದ್ಧವಿರಲಿ.

ಇನ್ನೂ ಬೆಳೆಯುತ್ತಾನೆಯೇ?

ಇಲ್ಲಿ ಆಸೆಯೇ ಅಂದಾಜಿನ ವೇಷ ಹಾಕಿಕೊಂಡು ಬರುತ್ತದೆ. ಮೊದಲ ಆಧಾರ ವಯಸ್ಸು: 21ರ ಹುಡುಗನಿಗೆ ಬೆಳೆಯಲು ಇರುವ ಅವಕಾಶ 29ರವನಿಗೆ ಇರುವುದಿಲ್ಲ. ಯಾನಿಸ್ ಅಂಟೆಟೊಕುಂಪೊ 2013ರಲ್ಲಿ 15ನೆಯವರಾಗಿ ಆಯ್ಕೆಯಾಗಿ, ಮೊದಲ ಋತುವಿನಲ್ಲಿ ಸರಾಸರಿ 6.8 ಅಂಕ ಗಳಿಸಿದವರು, 2019 ಮತ್ತು 2020ರಲ್ಲಿ ಅತ್ಯಮೂಲ್ಯ ಆಟಗಾರರಾದರು. ಆದರೆ ಅಂಥವರು ಅಪರೂಪ, ಪ್ರತಿಯೊಬ್ಬ ತೆಳ್ಳನೆಯ ಹುಡುಗನಿಗೂ ಅವರ ಹೆಸರನ್ನು ಎಳೆದು ತರುವುದು ನ್ಯಾಯವಲ್ಲ.

ಎರಡನೆಯದು, ಸಣ್ಣ ಲೆಕ್ಕಗಳನ್ನು ನಂಬದಿರುವುದು. ದೂರದ ಗೆರೆಯಾಚೆಯಿಂದ ಹಾಕುವ ಮೂರು ಅಂಕದ ಎಸೆತದಲ್ಲಿ ನಿಜವಾಗಿ ಶೇ 36 ಸಾಮರ್ಥ್ಯವಿರುವವನು ನೂರು ಎಸೆತಗಳಲ್ಲಿ ಬರಿಯ ಅದೃಷ್ಟದ ಏರಿಳಿತದಿಂದಲೇ 31 ಹಾಕಬಹುದು, 41 ಕೂಡ ಹಾಕಬಹುದು. ಆದ್ದರಿಂದ ಗಾಯದಿಂದ ಮರಳಿದವನ ಮೊದಲ ಇಪ್ಪತ್ತು ಪಂದ್ಯ ನೋಡಿ ಎಸೆತ ಕೆಟ್ಟಿತೆಂದೋ ಸುಧಾರಿಸಿತೆಂದೋ ಹೇಳಲಾಗದು. ಯಾರೂ ಅಡ್ಡಬರದ ಫ್ರೀ ಥ್ರೋಗಳ ಶೇಕಡಾವಾರು, ಕೈಯ ಹದವನ್ನು ಅದಕ್ಕಿಂತ ನಂಬಲರ್ಹವಾಗಿ ತೋರಿಸುತ್ತದೆ. ಒಟ್ಟಾರೆ ದಕ್ಷತೆಗೆ ಒಂದು ಸರಳ ಲೆಕ್ಕವಿದೆ: ಎಸೆತಗಳ ಸಂಖ್ಯೆಗೆ ಫ್ರೀ ಥ್ರೋಗಳ 0.44ರಷ್ಟನ್ನು ಕೂಡಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಅಂಕಗಳನ್ನು ಭಾಗಿಸಬೇಕು. 20 ಎಸೆತ, 5 ಫ್ರೀ ಥ್ರೋಗಳಿಂದ 24 ಅಂಕ ಬಂದಿದ್ದರೆ 24ನ್ನು 44.4ರಿಂದ ಭಾಗಿಸಿ, ಶೇ 54. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. “ಇಪ್ಪತ್ನಾಲ್ಕು ಹೊಡೆದ” ಎಂಬ ಆರ್ಭಟ ಎಷ್ಟೋ ಸಲ ಅಷ್ಟಕ್ಕೇ ತಣ್ಣಗಾಗುತ್ತದೆ.

ಮೂರನೆಯದು, ಗಾಯವಾದವನು ಬೇರೊಬ್ಬ ಆಟಗಾರನಾಗಿ ಮರಳುವ ಸಾಧ್ಯತೆ. ಏಳಡಿ ಎತ್ತರದ ಬ್ರೂಕ್ ಲೋಪೆಜ್ ಪಾದದ ಮೂಳೆ ಮುರಿದು 2011-12ರಲ್ಲಿ 5, 2013-14ರಲ್ಲಿ 17 ಪಂದ್ಯಗಳನ್ನಷ್ಟೇ ಆಡಿದ್ದರು. ಮೊದಲ ಎಂಟು ಋತುಗಳಲ್ಲಿ ಬುಟ್ಟಿಗೆ ಬಿದ್ದ ಅವರ ಮೂರು ಅಂಕದ ಎಸೆತಗಳು ಒಟ್ಟು ಮೂರು. 2016-17 ಒಂದರಲ್ಲೇ 134. ಬುಟ್ಟಿಯ ಕೆಳಗಿನ ನೂಕಾಟ ಬಿಟ್ಟು ದೂರ ಸರಿದ ಅವರು 30 ದಾಟಿದ ಮೇಲೂ ಗಟ್ಟಿಯಾಗಿ ಉಳಿದರು, 2021ರಲ್ಲಿ ಮಿಲ್ವಾಕಿ ಪರ ಚಾಂಪಿಯನ್ ಆದರು. ಆದ್ದರಿಂದ “ಮೊದಲಿನಂತಾಗುತ್ತಾನೆಯೇ” ಎಂದು ಮಾತ್ರ ಕೇಳುವವರು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತೆ. ಬೇರೇನಾಗಬಲ್ಲ ಎಂದೂ ಕೇಳಬೇಕು.

ವಾದದ ಶಿಸ್ತು

ತಾಳಮದ್ದಳೆಯಲ್ಲಿ ಇಂದು ಕೃಷ್ಣನ ಅರ್ಥ ಹೇಳಿದವರು ಇನ್ನೊಂದು ದಿನ ಕೌರವನ ಅರ್ಥಕ್ಕೆ ಕೂರುತ್ತಾರೆ, ಎದುರಿನವರ ಮಾತಿನ ಎಳೆ ಹಿಡಿದೇ ಉತ್ತರ ಕೊಡುತ್ತಾರೆ. ಅದೇ ಪದ್ಧತಿಯನ್ನು ಇಲ್ಲಿಗೂ ತನ್ನಿ. ಒಪ್ಪಂದ ಸರಿ ಎನ್ನುವವರಿಗೆ ತಪ್ಪು ಎಂಬ ಪಕ್ಷವನ್ನೂ ಒಂದು ಸುತ್ತು ಕೊಡಿ. ಎದುರಿನವರು ಹೇಳಿದ್ದನ್ನು ಅವರೇ ಒಪ್ಪುವಂತೆ ಪುನಃ ಹೇಳಿದ ಮೇಲಷ್ಟೇ ಖಂಡನೆಗೆ ಅವಕಾಶವಿರಲಿ. ಆಟಗಾರನ ನೋವನ್ನು ಸೋಮಾರಿತನವೆಂದು ಹಂಗಿಸುವವರನ್ನು ಅಲ್ಲೇ ತಡೆಯಿರಿ. ಸ್ಕ್ಯಾನ್ ನೋಡಿದವರು ತಂಡದ ವೈದ್ಯರು, ನಾವಲ್ಲ. ಅವನ ಮನಸ್ಸಿನೊಳಗೆ ಏನಿದೆ ಎಂಬುದಂತೂ ಯಾರ ವಾದಕ್ಕೂ ಆಧಾರವಾಗದು.

ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ತಾರೀಖು ಹಾಕಿ ಬರೆದಿಡಲಿ: ಎಷ್ಟು ಪಂದ್ಯ ಆಡುತ್ತಾನೆ, ಎಷ್ಟು ನಿಮಿಷ, ದಕ್ಷತೆ ಎಷ್ಟು, ಜೊತೆಗೆ ಏನು ಕಂಡರೆ ತಾವು ಅಭಿಪ್ರಾಯ ಬದಲಿಸುತ್ತೇವೆ ಎಂಬುದನ್ನೂ. “ಚೆನ್ನಾಗಿ ಆಡಬಹುದು” ಎಂಬಂಥ ವಾಕ್ಯವನ್ನು ಒಪ್ಪಬೇಡಿ, ಸಂಖ್ಯೆಯೇ ಬೇಕು. ಬರೆದದ್ದನ್ನು ತೆರೆದು ನೋಡಲು ಫೆಬ್ರವರಿಯ ಆಲ್‌ಸ್ಟಾರ್ ವಿರಾಮ ಅನುಕೂಲ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಪಂದ್ಯಗಳು ಮುಗಿದಿರುತ್ತವೆ, ತಂಡಗಳ ನಡುವಿನ ಆಟಗಾರರ ವಿನಿಮಯಕ್ಕೆ ಇದ್ದ ಗಡುವೂ ಸಾಮಾನ್ಯವಾಗಿ ದಾಟಿರುತ್ತದೆ.